ಸುದ್ದಿ ಎಷ್ಟು ನೋಡಬೇಕು, ಯಾವಾಗ ನೋಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ, ಯೂಟ್ಯೂಬ್, ವಾಟ್ಸಾಪ್, ಪೇಪರ್ ಎಲ್ಲದರಲ್ಲೂ ಕನ್ನಡದ ಸುದ್ದಿ ನೋಡುವವರು ಕೇಳುವ ಪ್ರಶ್ನೆಗಳು ಇವು. ಎಲ್ಲ ಉತ್ತರಗಳ ಹಿಂದೆಯೂ ಒಂದೇ ಮಾತಿದೆ. ಘಟನೆ ನಿಜವಾಗಿ ಯಾವಾಗ ಮುಂದೆ ಹೋಗುತ್ತದೋ ಆಗ ಸುದ್ದಿ ನೋಡಿ. ಸ್ಕ್ರೀನ್ ಕರೆದಾಗಲೆಲ್ಲ ಹೋಗಬೇಡಿ.

ದಿನವಿಡೀ ನ್ಯೂಸ್ ನೋಡ್ತೀನಿ. ಆದ್ರೂ ರಾತ್ರಿ ಯಾರಾದ್ರೂ ಕೇಳಿದ್ರೆ ಏನಾಯ್ತು ಅಂತ ಸರಿಯಾಗಿ ಹೇಳೋಕೆ ಬರಲ್ಲ. ಯಾಕೆ?

ನೀವು ನೋಡಿದ್ದರಲ್ಲಿ ಹೊಸ ವಿಷಯ ಕಡಿಮೆ, ಅದರ ಸುತ್ತ ಆಡಿದ ಮಾತು ಜಾಸ್ತಿ. ಅದಕ್ಕೇ ಹೀಗಾಗುತ್ತದೆ.

ಒಂದು ನಿಜವಾದ ಪ್ರಸಂಗ ನೋಡೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರದ ರೈತರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಬಿತ್ತಿದ ಬೆಳೆಗೆ ನೀರು ಉಳಿಯುತ್ತದಾ, ನದಿ ದಂಡೆಯ ಊರುಗಳಿಗೆ ಅಪಾಯ ಇದೆಯಾ ಎಂಬ ಆತಂಕ ಎಲ್ಲರಿಗೂ ಇತ್ತು. ಇದು ದೊಡ್ಡ ಸುದ್ದಿ, ನೋಡಲೇಬೇಕಾದ ಸುದ್ದಿ. ಆದರೆ ಆ ವಾರ ನಿಜವಾಗಿ ಆದದ್ದು ಇಷ್ಟು. ಗೇಟು ಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನು ತೆರೆದು ನೀರು ಬಿಟ್ಟರು. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದರು. ಗೇಟಿನ ಜಾಗಕ್ಕೆ ಇಳಿಸಲು ಸ್ಟಾಪ್‌ಲಾಗ್, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ತಡೆ, ತಯಾರಾಯಿತು. ಆಗಸ್ಟ್ 16ಕ್ಕೆ ಅದರ ಮೊದಲ ತುಂಡು ಕೂತಿತು, ಮರುದಿನ ಕೆಲಸ ಮುಗಿಯಿತು.

ದಿನಕ್ಕೆ ಐದು ನಿಮಿಷ ಕೊಟ್ಟವರಿಗೂ ಇದೆಲ್ಲ ಗೊತ್ತಾಯಿತು. ಇಡೀ ದಿನ ಕೂತು ನೋಡಿದವರಿಗೆ ಇದರ ಜೊತೆಗೆ ಅದೇ ನೀರಿನ ಅದೇ ದೃಶ್ಯ ನೂರಾರು ಸಲ ಸಿಕ್ಕಿತು, ತಪ್ಪು ಯಾರದ್ದು ಎಂಬ ಜಗಳ ಸಿಕ್ಕಿತು, ಇನ್ನೊಂದು ಗೇಟೂ ಹೋದರೆ ಏನು ಗತಿ ಎಂಬ ಭಯ ಸಿಕ್ಕಿತು. ತಲೆಯಲ್ಲಿ ಉಳಿಯುವುದು ಈ ಭಯವೇ. ವಿಷಯ ಅದರ ಅಡಿಯಲ್ಲಿ ಹೂತು ಹೋಗುತ್ತದೆ.

ಚಾನೆಲ್‌ನವರು ಒಂದೇ ವಿಷಯವನ್ನ ಯಾಕೆ ಇಷ್ಟು ಎಳೀತಾರೆ?

ಎರಡು ಕಾರಣ. ಮೊದಲನೆಯದು ಖರ್ಚು. ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್, ಒಂದು ಗಾಡಿಯನ್ನು ಯಾದಗಿರಿಯ ಹಳ್ಳಿಗೆ ಕಳಿಸಿ ಎರಡು ದಿನ ಕೆಲಸ ಮಾಡಿಸಿದರೆ ಸಿಗುವುದು ನಾಲ್ಕೈದು ನಿಮಿಷದ ವರದಿ. ನಾಲ್ಕು ಜನರನ್ನು ಸ್ಟುಡಿಯೋದಲ್ಲಿ ಕೂರಿಸಿದರೆ ಒಂದು ಗಂಟೆ ಭರ್ತಿ. 24 ಗಂಟೆ ತುಂಬಿಸಬೇಕು ಅಂದಾಗ ಯಾವುದು ಗೆಲ್ಲುತ್ತದೆ ಅನ್ನೋದು ಲೆಕ್ಕದ ಮಾತು.

ಎರಡನೆಯದು ಟಿಆರ್‌ಪಿ. ಬಾರ್ಕ್ ಎಂಬ ಸಂಸ್ಥೆ ದೇಶದ ಕೆಲವು ಮನೆಗಳ ಟಿವಿಗೆ ಮೀಟರ್ ಜೋಡಿಸಿ, ಯಾರು ಏನು ನೋಡಿದರು ಎಂದು ಲೆಕ್ಕ ಹಾಕುತ್ತದೆ. ದೇಶದಲ್ಲಿ ಟಿವಿ ಇರುವ ಮನೆಗಳು ಕೋಟಿಗಟ್ಟಲೆ, ಮೀಟರ್ ಇರುವ ಮನೆಗಳು ಕೆಲವೇ ಹತ್ತಾರು ಸಾವಿರ. ಆ ಲೆಕ್ಕದ ಮೇಲೆ ಜಾಹೀರಾತಿನ ದರ ನಿಂತಿದೆ. 2020ರಲ್ಲಿ ಟಿಆರ್‌ಪಿ ತಿರುಚಿದ ಆರೋಪದ ಮೇಲೆ ಮುಂಬೈ ಪೊಲೀಸರು ಕೇಸು ಹಾಕಿದರು. ಆ ಅಕ್ಟೋಬರ್‌ನಿಂದ ನ್ಯೂಸ್ ಚಾನೆಲ್‌ಗಳ ರೇಟಿಂಗ್ ಪ್ರಕಟಣೆಯನ್ನೇ ನಿಲ್ಲಿಸಿದರು. ಅದು ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ರೇಟಿಂಗ್ ಅಳೆಯುವುದು ನೀವು ಚಾನೆಲ್ ಬದಲಿಸದೆ ಎಷ್ಟು ಹೊತ್ತು ಕೂತಿರಿ ಎಂಬುದನ್ನು. ನಿಮಗೆ ಏನು ತಿಳಿಯಿತು ಎಂದು ಅಳೆಯುವ ಮೀಟರ್ ಯಾರ ಮನೆಯಲ್ಲೂ ಇಲ್ಲ. "ಬ್ರೇಕ್ ನಂತರ ಸ್ಫೋಟಕ ಮಾಹಿತಿ" ಎನ್ನುವ ಸಾಲು ಎಲ್ಲಿಂದ ಹುಟ್ಟುತ್ತದೆ ಎಂದು ಈಗ ಗೊತ್ತಾಯಿತು ಅಲ್ವಾ?

ಒಂದು ಮಾತು ಸೇರಿಸಬೇಕು. ಅಲ್ಲಿ ಕೆಲಸ ಮಾಡುವ ವರದಿಗಾರರಲ್ಲಿ ಬಹಳ ಜನ ಪ್ರಾಮಾಣಿಕರು. ಮಳೆಯಲ್ಲಿ ನೆನೆದು, ರಾತ್ರಿ ನಿದ್ದೆ ಬಿಟ್ಟು ಸುದ್ದಿ ತರುತ್ತಾರೆ. ನನ್ನ ತಕರಾರು ಇರುವುದು ಅವರ ಕೆಲಸವನ್ನು ಮೂಲೆಗೆ ತಳ್ಳಿ ಕೂಗಾಟಕ್ಕೆ ಜಾಗ ಕೊಡುವ ಲೆಕ್ಕಾಚಾರದ ಮೇಲೆ.

ಮೊದಲೆಲ್ಲ ಹೀಗಿರಲಿಲ್ಲ ಅಲ್ವಾ?

ಅರ್ಧ ನಿಜ. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ. ಇಡೀ ರಾಜ್ಯ ಕಾದು ಕೂತಿದ್ದರೂ ಬಹುಪಾಲು ಜನ ಸುದ್ದಿ ತಿಳಿದದ್ದು ರೇಡಿಯೋ, ಸಂಜೆಯ ವಾರ್ತೆ, ಬೆಳಗಿನ ಪೇಪರ್‌ಗಳಿಂದ. ನಡುವಿನ ಹೊತ್ತಿನಲ್ಲಿ ಆತಂಕ ಇದ್ದೇ ಇತ್ತು, ಆದರೆ ಅದಕ್ಕೆ ನಿಮಿಷಕ್ಕೊಮ್ಮೆ ತುಪ್ಪ ಸುರಿಯುವವರು ಇರಲಿಲ್ಲ. ಹಾಗಂತ ಆ ಕಾಲ ಶಾಂತವಾಗಿತ್ತು ಅನ್ನೋದು ಸುಳ್ಳು. ಆಗಲೂ ಗಾಳಿಸುದ್ದಿ ಹಬ್ಬುತ್ತಿತ್ತು, ಊರು ಬಂದ್ ಆಗುತ್ತಿತ್ತು, ಕಲ್ಲು ತೂರಾಟ ಆಗುತ್ತಿತ್ತು. 2006ರ ನಂತರ ಒಂದರ ಹಿಂದೊಂದು 24 ಗಂಟೆಯ ಕನ್ನಡ ಚಾನೆಲ್‌ಗಳು ಬಂದವು, ಆಮೇಲೆ ಸ್ಮಾರ್ಟ್‌ಫೋನ್ ಬಂತು. ಸುದ್ದಿಗೆ ಇದ್ದ "ಇವತ್ತಿಗೆ ಇಷ್ಟು" ಎಂಬ ಕೊನೆ ಹೊರಟುಹೋಯಿತು. ಆ ಕೊನೆಯನ್ನು ಈಗ ನಾವೇ ಹಾಕಿಕೊಳ್ಳಬೇಕು.

ಹಾಗಾದರೆ ದಿನಕ್ಕೆ ಎಷ್ಟು ಹೊತ್ತು ಸಾಕು?

ಮಾಮೂಲಿ ದಿನಗಳಲ್ಲಿ ಅರ್ಧ ಗಂಟೆ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಒಂದು ಪೇಪರ್, ಸಂಜೆ ಒಂದು ಬುಲೆಟಿನ್. ಆಕಾಶವಾಣಿಯ ಪ್ರದೇಶ ಸಮಾಚಾರ ಅಥವಾ ಚಂದನ ವಾಹಿನಿಯ ವಾರ್ತೆ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಶುರು ಇದೆ, ಮುಗಿಯುವ ಹೊತ್ತೂ ಇದೆ. ಸರ್ಕಾರಿ ಮಾಧ್ಯಮ ಆದ್ದರಿಂದ ಸರ್ಕಾರವನ್ನು ಗಟ್ಟಿಯಾಗಿ ಪ್ರಶ್ನಿಸುವ ವರದಿ ಅಲ್ಲಿ ಸಿಗುವುದು ಅಪರೂಪ. ಆ ಕೊರತೆಯನ್ನು ಪೇಪರ್‌ನಿಂದ ತುಂಬಿಸಿಕೊಳ್ಳಿ.

ನಿಮಿಷ ಎಣಿಸುವುದಕ್ಕಿಂತ ಹೊತ್ತು ಗೊತ್ತು ಮಾಡಿಕೊಳ್ಳುವುದು ಮುಖ್ಯ. ಊಟದ ಹೊತ್ತು ಬೇಡ, ಮಲಗುವ ಮುಂಚಿನ ಹೊತ್ತು ಬೇಡ.

ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಫೋನ್ ಹಿಡಿಯೋ ಅಭ್ಯಾಸ ಬಿಡೋದು ಹೇಗೆ?

ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅಲಾರಾಂಗೆ ಒಂದು ಗಡಿಯಾರ ಕೊಳ್ಳಿ.

ನಾನು ಸುದ್ದಿ ಹುಡುಕಿಕೊಂಡು ಹೋಗಲ್ಲ. ಸುದ್ದಿನೇ ಫೋನ್‌ಗೆ ಬರುತ್ತೆ. ಏನು ಮಾಡೋದು?

ಬರುವ ದಾರಿಗಳನ್ನು ಒಂದೊಂದಾಗಿ ಮುಚ್ಚಬೇಕು. ಒಂದು ಸಂಜೆ ಕೂತು ಮಾಡಿದರೆ ಮುಗಿಯುವ ಕೆಲಸ ಇದು.

ಮೊದಲು ನೋಟಿಫಿಕೇಶನ್. ಎಲ್ಲ ನ್ಯೂಸ್ ಆ್ಯಪ್‌ಗಳದ್ದೂ ಆಫ್ ಮಾಡಿ, ಬ್ರೌಸರ್‌ನದ್ದೂ ಸೇರಿಸಿ. ಯಾವಾಗಲೋ ಒಂದು ಸೈಟಿನಲ್ಲಿ ಗೊತ್ತಿಲ್ಲದೆ "ಅಲೋ" ಒತ್ತಿರುತ್ತೇವೆ, ಅಲ್ಲಿಂದ ದಿನಕ್ಕೆ ಹತ್ತಾರು ಬರುತ್ತಿರುತ್ತವೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಹೋಮ್ ಸ್ಕ್ರೀನನ್ನು ಬಲಕ್ಕೆ ಸರಿಸಿದರೆ ಗೂಗಲ್‌ನ ಡಿಸ್ಕವರ್ ಪಟ್ಟಿ ತೆರೆಯುತ್ತದೆ. ಸುದ್ದಿ ನೋಡುವ ಯೋಚನೆಯೇ ಇಲ್ಲದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಹೋಮ್ ಸ್ಕ್ರೀನಿನ ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದುಹಾಕಬಹುದು. ಯೂಟ್ಯೂಬ್‌ನಲ್ಲಿ ಆಟೋಪ್ಲೇ ನಿಲ್ಲಿಸಿ. ವಾಚ್ ಹಿಸ್ಟರಿಯನ್ನು ಅಳಿಸಿ, ಆಮೇಲೆ ಬರೆದು ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ 2023ರಿಂದ ಚಾನೆಲ್‌ಗಳೂ ಬಂದಿವೆ. ಬೇಡದವನ್ನು ಅನ್‌ಫಾಲೋ ಮಾಡಿ, ಗ್ರೂಪ್‌ಗಳನ್ನು ಮ್ಯೂಟ್ ಮಾಡಿ.

ಕೊನೆಯೇ ಇಲ್ಲದ ಸ್ಕ್ರೋಲ್ ಬಗ್ಗೆ ಎರಡು ಮಾತು. ಪೇಪರ್‌ನಲ್ಲಿ ಪುಟ ತಿರುಗಿಸಬೇಕು, ಹಳೆಯ ವೆಬ್ ಪುಟಗಳಲ್ಲಿ "ಮುಂದಿನ ಪುಟ" ಒತ್ತಬೇಕಿತ್ತು. ಆ ಸಣ್ಣ ತಡೆ ಇದ್ದಾಗ "ಸಾಕು" ಅನ್ನಿಸಲು ಒಂದು ಕ್ಷಣ ಸಿಗುತ್ತಿತ್ತು. ಈಗ ಬೆರಳು ತಾನಾಗಿ ಜಾರುತ್ತದೆ. ಇದನ್ನು ನಿಮ್ಮ ಮನಸ್ಸಿನ ದೌರ್ಬಲ್ಯ ಎಂದು ಬೈದುಕೊಳ್ಳಬೇಡಿ. ನೀವು ನಿಲ್ಲಬಾರದು ಎಂದೇ ಅದನ್ನು ಕಟ್ಟಿದ್ದಾರೆ.

ಗೃಹಲಕ್ಷ್ಮಿ ಹಣ ಯಾವಾಗ ಬರುತ್ತೆ ಅಂತ ನೋಡೋಕೆ ಯೂಟ್ಯೂಬ್ ತೆರೆಯಲೇಬೇಕಲ್ಲ?

ಬೇಡ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ. ಇಲ್ಲಿ ವ್ಯರ್ಥವಾಗುವುದು ಬರೀ ಹೊತ್ತಲ್ಲ, ಬಡವರ ಭರವಸೆ ಕೂಡ.

ಯಾವ ದಿನ ಬೇಕಾದರೂ ಯೂಟ್ಯೂಬ್‌ನಲ್ಲಿ "ಗೃಹಲಕ್ಷ್ಮಿ" ಎಂದು ಹುಡುಕಿ ನೋಡಿ. ಥಂಬ್‌ನೇಲ್‌ನಲ್ಲಿ ಐನೂರರ ನೋಟಿನ ಕಂತೆ, ಪಕ್ಕದಲ್ಲಿ ಮುಖ್ಯಮಂತ್ರಿಯ ಫೋಟೋ, ಕೆಂಪು ಅಕ್ಷರದಲ್ಲಿ "ಇಂದೇ ಖಾತೆಗೆ ಜಮಾ!" ಒತ್ತಿದರೆ ಮೊದಲ ಎರಡು ನಿಮಿಷ ಯೋಜನೆ ಏನು ಎಂಬ ವಿವರಣೆ. ತಿಂಗಳಿಗೆ 2,000 ರೂಪಾಯಿ, ಮನೆಯ ಯಜಮಾನಿಗೆ ಎಂದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ ಅದು, ಪಡೆಯುವ ಹೆಂಗಸಿಗೆ ಅದನ್ನು ಮತ್ತೆ ಹೇಳಬೇಕೇ? ಆಮೇಲೆ "ವಿಡಿಯೋ ಕೊನೆವರೆಗೂ ನೋಡಿ". ಕೊನೆಯಲ್ಲಿ "ಶೀಘ್ರದಲ್ಲೇ ಬರುವ ಸಾಧ್ಯತೆ ಇದೆ". ಆ ವಿಡಿಯೋಗೆ ಮೊನ್ನೆಯ ತಾರೀಖು. ಅದರ ಕೆಳಗೆ ಇನ್ನೊಂದು ವಿಡಿಯೋ, ಇವತ್ತಿನದು. ಕಾಮೆಂಟುಗಳಲ್ಲಿ "ನಮಗೆ ಎರಡು ಕಂತು ಬಂದಿಲ್ಲ ಸರ್, ದಯವಿಟ್ಟು ನೋಡಿ" ಎಂದು ಹೆಂಗಸರು ಬರೆದಿರುತ್ತಾರೆ. ವಿಡಿಯೋ ಮಾಡಿದವನ ಕೈಯಲ್ಲಿ ಏನೂ ಇಲ್ಲ ಎಂದು ಅವರಿಗೆ ಗೊತ್ತಿಲ್ಲ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅವರ ಕಾಯುವಿಕೆಯೇ ಇನ್ನೊಬ್ಬರ ವ್ಯೂಸ್.

ಹಣ ಬಂದಿದೆಯಾ ಎಂಬುದಕ್ಕೆ ಉತ್ತರ ನಿಮ್ಮ ಬ್ಯಾಂಕ್ ಖಾತೆಯಲ್ಲಿದೆ. ಪ್ಲೇಸ್ಟೋರ್‌ನಲ್ಲಿ ರಾಜ್ಯ ಸರ್ಕಾರದ "ಡಿಬಿಟಿ ಕರ್ನಾಟಕ" ಆ್ಯಪ್ ಇದೆ. ಆಧಾರ್ ನಂಬರ್ ಹಾಕಿ, ಒಟಿಪಿ ಕೊಟ್ಟು ಒಳಗೆ ಹೋದರೆ ಸರ್ಕಾರದಿಂದ ಯಾವ ದಿನ ಎಷ್ಟು ಹಣ, ಯಾವ ಬ್ಯಾಂಕಿಗೆ ಹೋಗಿದೆ ಎಂದು ಕಾಣುತ್ತದೆ. ಕಂತು ತಪ್ಪಿದ್ದರೆ ತಾಲ್ಲೂಕಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಗೆ ಹೋಗಬೇಕು. ಬಹಳ ಸಲ ತೊಡಕು ಇರುವುದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಲ್ಲಿ ಅಥವಾ ಇ-ಕೆವೈಸಿಯಲ್ಲಿ. ಎಷ್ಟು ವಿಡಿಯೋ ನೋಡಿದರೂ ಅದು ಸರಿಹೋಗುವುದಿಲ್ಲ. ನಿಮ್ಮ ಮನೆಯ ಹತ್ತಿರ ಈ ಆ್ಯಪ್ ಬಳಸಲು ಬಾರದವರು ಇದ್ದರೆ ಒಂದು ಸಲ ಕೂತು ತೋರಿಸಿಕೊಡಿ. ಒಟಿಪಿ ಮಾತ್ರ ಯಾರಿಗೂ ಹೇಳಬಾರದು ಎಂದೂ ಹೇಳಿಕೊಡಿ.

ರೇಷನ್ ಕಾರ್ಡ್ ರದ್ದು, ಪಿಂಚಣಿ, ಪರೀಕ್ಷೆ ಫಲಿತಾಂಶ, ನೇಮಕಾತಿ ಎಲ್ಲಕ್ಕೂ ಇದೇ ದಾರಿ. ಆದೇಶ ಹೊರಡಿಸುವವರ ಹತ್ತಿರವೇ ಹೋಗಿ ನೋಡಿ.

ಫ್ಯಾಮಿಲಿ ಗ್ರೂಪ್‌ನಲ್ಲಿ ದೊಡ್ಡವರು ಏನೇನೋ ಫಾರ್ವರ್ಡ್ ಮಾಡ್ತಾರೆ. ಸುಮ್ನೆ ಇದ್ದುಬಿಡೋದಾ?

ಗುಡ್ ಮಾರ್ನಿಂಗ್ ಚಿತ್ರಕ್ಕೆ ಸುಮ್ಮನಿರಿ. ಜನರ ಮೇಲೆ, ಜಾತಿ ಧರ್ಮದ ಮೇಲೆ, ಔಷಧಿಯ ಮೇಲೆ ಬಂದ ಫಾರ್ವರ್ಡಿಗೆ ಸುಮ್ಮನಿರಬೇಡಿ.

ಯಾಕೆ ಅಂದರೆ ನಮ್ಮ ರಾಜ್ಯದಲ್ಲೇ ಇದಕ್ಕೆ ಜೀವಗಳು ಹೋಗಿವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ ಹರಿದಾಡಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನೇ ಕತ್ತರಿಸಿ ಹಂಚಿದರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಎಂದು ಜನ ಹೊಡೆದರು. ಅವನು ಸತ್ತ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕರ ಮೇಲೆ ಗುಂಪು ಬಿತ್ತು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರಿಗಿಂತ ಮುಂಚೆ ವಾಟ್ಸಾಪ್ ಸಂದೇಶ ಮುಂದಿನ ಊರು ಮುಟ್ಟಿತ್ತು. ಒಬ್ಬ ಸತ್ತ.

ಅದಕ್ಕೂ ಮುಂಚೆ, 2012ರ ಆಗಸ್ಟ್‌ನಲ್ಲಿ ಬರೀ ಎಸ್ಸೆಮ್ಮೆಸ್ ಮತ್ತು ಬಾಯಿಮಾತಿನ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಒಬ್ಬರು ದಿನಕ್ಕೆ 5ಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಮಿತಿ ಹಾಕಿತ್ತು.

2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಕಳಿಸುವ ಮಿತಿ ತಂದಿತು. 2020ರ ಏಪ್ರಿಲ್‌ನಿಂದ, ತುಂಬಾ ಸಲ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಸಂದೇಶದ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಇಂಥದ್ದು ಎಂದು ಅರ್ಥ. ಬರೆದವರು ಯಾರು ಎಂದು ನಿಮಗೆ ಕಳಿಸಿದ ಮಾವನಿಗೂ ಗೊತ್ತಿಲ್ಲ. ಆ ಗುರುತನ್ನು ಮನೆಯವರಿಗೆಲ್ಲ ತೋರಿಸಿಡಿ. ಕಲಿಸಬಹುದಾದ ಅತಿ ಸುಲಭದ ಪಾಠ ಇದು.

ಹೇಳುವ ರೀತಿಯೂ ಮುಖ್ಯ. ಗ್ರೂಪಿನಲ್ಲಿ ಎಲ್ಲರೆದುರು "ಇದು ಸುಳ್ಳು" ಎಂದರೆ ದೊಡ್ಡವರಿಗೆ ಅವಮಾನ ಆಗುತ್ತದೆ, ಹಟ ಹೆಚ್ಚುತ್ತದೆ. ಫೋನ್ ಮಾಡಿ. "ದೊಡ್ಡಪ್ಪ, ಆ ವಿಡಿಯೋ ನೋಡಿದೆ. ಅದು ಹಳೇದು, ಬೇರೆ ಊರಿನದು. ನೀವೇ ತೆಗೆದುಹಾಕಿದ್ರೆ ಎಲ್ಲರೂ ನಂಬ್ತಾರೆ" ಅನ್ನಿ. ಬಹಳ ಸಲ ಅವರೇ ಅಳಿಸುತ್ತಾರೆ. ಅವರು ಕಳಿಸಿದ್ದು ನಮ್ಮ ಮೇಲಿನ ಕಾಳಜಿಗೆ ಎನ್ನುವುದನ್ನು ಮರೆಯದೆ ಮಾತಾಡಿದರೆ ಅರ್ಧ ಕೆಲಸ ಆಯಿತು.

ಸುಳ್ಳು ಸುದ್ದಿ ಯಾಕೆ ಇಷ್ಟು ಬೇಗ ಹಬ್ಬುತ್ತೆ? ಇದೆಲ್ಲ ಕಂಪ್ಯೂಟರ್ ಬಾಟ್‌ಗಳ ಕೆಲಸನಾ?

ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಜಾಲಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 1,500 ಜನರನ್ನು ಮುಟ್ಟಲು ನಿಜಕ್ಕೆ ಬೇಕಾದ ಹೊತ್ತು ಸುಳ್ಳಿಗೆ ಬೇಕಾದ್ದರ ಆರು ಪಟ್ಟು. ಬಾಟ್‌ಗಳನ್ನು, ಅಂದರೆ ತಾವಾಗಿಯೇ ಪೋಸ್ಟ್ ಹಾಕುವ ಪ್ರೋಗ್ರಾಂಗಳನ್ನು, ತೆಗೆದು ಲೆಕ್ಕ ಹಾಕಿದರೂ ಸುಳ್ಳೇ ಮುಂದಿತ್ತು. ಹಂಚುವವರು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಜಾಸ್ತಿ, ಅಚ್ಚರಿ ಜಾಸ್ತಿ. ಓದಿದ ತಕ್ಷಣ ಮೈ ಜುಂ ಅಂದರೆ, ಸಿಟ್ಟು ನೆತ್ತಿಗೇರಿದರೆ, ಅಲ್ಲೇ ಹತ್ತು ನಿಮಿಷ ನಿಲ್ಲಿಸಿ. ಕೇಂದ್ರ ಸರ್ಕಾರದ ಯೋಜನೆ, ಆದೇಶಗಳ ಬಗ್ಗೆ ಸಂಶಯ ಇದ್ದರೆ ಕೇಂದ್ರದ ಸುದ್ದಿ ಪ್ರಕಟಣೆಯ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್ ನೋಡಬಹುದು. ಉಳಿದ ವಿಷಯಕ್ಕೆ ಸರ್ಕಾರದ ಹೊರಗಿನ, ಕನ್ನಡದಲ್ಲೂ ಬರೆಯುವ ಫ್ಯಾಕ್ಟ್ ಚೆಕ್ ತಂಡಗಳಿವೆ.

ಮಳೆಗಾಲದಲ್ಲಿ ಸುದ್ದಿ ಬಿಟ್ಟರೆ ಹೇಗೆ? ಅಪಾಯ ಗೊತ್ತಾಗೋದು ಹೇಗೆ?

ಬಿಡಬೇಡಿ. ಕೊಡಗು, ಕರಾವಳಿ, ಮಲೆನಾಡಿನವರಿಗೆ ಅದು ಜೀವದ ಪ್ರಶ್ನೆ. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದದ್ದು ನಮ್ಮ ಕಣ್ಣೆದುರೇ ಇದೆ. ಆದರೆ ಇಲ್ಲೂ ಮೂಲಕ್ಕೆ ಹೋಗಿ. ಹವಾಮಾನ ಇಲಾಖೆ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಬರುವ ಎಚ್ಚರಿಕೆಯ ಬಣ್ಣದ ಹಿಂದೆ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ವಿಪರೀತ ಭಾರಿ. ಸಾಮಾನ್ಯವಾಗಿ ಹಳದಿ, ಕಿತ್ತಳೆ, ಕೆಂಪು ಈ ಮೂರಕ್ಕೆ ಹೊಂದಿಕೊಂಡು ಬರುತ್ತವೆ. ಟಿವಿಯ "ಜಲಪ್ರಳಯ" ಎಂಬ ಪದಕ್ಕೆ ಇಂಥ ಅಳತೆ ಯಾವುದೂ ಇಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ರೈತರ ಬಳಕೆಗೇ ಇದೆ.

ಶಾಲೆಗೆ ರಜೆ ಘೋಷಿಸುವುದು ಜಿಲ್ಲಾಧಿಕಾರಿ. ಹೋದ ವರ್ಷದ ಆದೇಶದ ಫೋಟೋ, ತಾರೀಖು ತಿದ್ದಿದ ಪತ್ರ ಪ್ರತಿ ಮಳೆಗಾಲವೂ ಪೋಷಕರ ಗ್ರೂಪುಗಳಲ್ಲಿ ಓಡಾಡುತ್ತದೆ. ಜಿಲ್ಲಾಡಳಿತದ ಅಧಿಕೃತ ಖಾತೆಯಲ್ಲೋ ಶಾಲೆಯ ಸಂದೇಶದಲ್ಲೋ ಇಲ್ಲದಿದ್ದರೆ ರಜೆ ಇಲ್ಲ.

ಎಲೆಕ್ಷನ್ ಎಣಿಕೆ ದಿನ ಟಿವಿ ಮುಂದೆ ಕೂರಬಾರದಾ?

ಕೂರಿ! ಅದು ನಮ್ಮ ಹಬ್ಬ. ಎಣಿಕೆಯ ದಿನ ಸುದ್ದಿ ನಿಜವಾಗಿಯೇ ನಿಮಿಷ ನಿಮಿಷಕ್ಕೆ ಬದಲಾಗುತ್ತದೆ. ಪಕ್ಕದಲ್ಲಿ ಚುನಾವಣಾ ಆಯೋಗದ ಫಲಿತಾಂಶದ ಪುಟ ತೆರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೇಡ ಅನ್ನುವುದು ಅದಕ್ಕೂ ಹಿಂದಿನ ದಿನಗಳ ಎಕ್ಸಿಟ್ ಪೋಲ್ ಜಾತ್ರೆಯನ್ನು. 2023ರ ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ನಡುವಿನ ಎರಡು ದಿನ ಮತಯಂತ್ರಗಳು ಸ್ಟ್ರಾಂಗ್ ರೂಮಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದವು. ಹೊರಗೆ ಎಷ್ಟು ಮಾತಾಡಿದರೂ ಒಳಗೆ ಒಂದು ಮತವೂ ಬದಲಾಗುವಂತಿರಲಿಲ್ಲ. ಎಣಿಕೆಯ ದಿನವೂ ಮೊದಲ ಸುತ್ತಿನ ಮುನ್ನಡೆಯನ್ನು ಫಲಿತಾಂಶ ಅಂದುಕೊಳ್ಳಬೇಡಿ. ಆ ವರ್ಷ ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ಮರುಎಣಿಕೆ ಮುಗಿದು ಫಲಿತಾಂಶ ಬಂದದ್ದು ತಡರಾತ್ರಿ. ಗೆಲುವಿನ ಅಂತರ 16 ಮತ.

ದೊಡ್ಡ ದುರಂತ ಆದಾಗ ಟಿವಿ ಆಫ್ ಮಾಡೋದು ಕಲ್ಲು ಮನಸ್ಸು ಅನ್ನಿಸಲ್ವಾ?

ಹಾಗನ್ನಿಸುವುದು ನಿಮ್ಮ ಒಳ್ಳೆಯತನ. ಆದರೆ ನೋಡುತ್ತಾ ಕೂರುವುದರಿಂದ ನೊಂದವರಿಗೆ ಏನೂ ಸಿಗುವುದಿಲ್ಲ. ನಿಮಗೆ ಮಾತ್ರ ಪೆಟ್ಟು ಬೀಳುತ್ತದೆ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಮಾಡಿದರು. ಮುಂದಿನ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಅದೇ ಸುದ್ದಿ ನೋಡಿದವರಲ್ಲಿ, ಸ್ಥಳದಲ್ಲಿ ಅಥವಾ ಹತ್ತಿರದಲ್ಲಿ ಇದ್ದವರಿಗಿಂತಲೂ ಹೆಚ್ಚಿನ ಮಾನಸಿಕ ಒತ್ತಡ ಕಂಡುಬಂತು.

2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವತ್ತು ಫೋನಿನಲ್ಲಿ ಬಂದ ವಿಡಿಯೋಗಳು ನೋಡುವಂತಿರಲಿಲ್ಲ. ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯವರ ಕಣ್ಣಿಗೂ ಅವೇ ಬೀಳುತ್ತವೆ ಎಂದು ನೆನೆಸಿಕೊಂಡರೆ ಯಾರೂ ಹಂಚುತ್ತಿರಲಿಲ್ಲ. ದುರಂತದ ದಿನ ವಿಷಯ ಏನು ಎಂದು ತಿಳಿಯಿರಿ, ನಿಮ್ಮವರು ಅಲ್ಲಿದ್ದರೆ ಫೋನ್ ಮಾಡಿ, ಕೈಲಾದ ಸಹಾಯ ಇದ್ದರೆ ಮಾಡಿ, ಆಮೇಲೆ ಆಫ್ ಮಾಡಿ. ಜವಾಬ್ದಾರಿ ಯಾರದು ಎಂಬ ತನಿಖೆಯ ಸುದ್ದಿ ತಿಂಗಳುಗಳ ನಂತರ ಒಳಪುಟದಲ್ಲಿ ಬರುತ್ತದೆ. ಅದನ್ನು ಹುಡುಕಿ ಓದಿ. ಸತ್ತವರಿಗೆ ನಾವು ಕೊಡಬಹುದಾದ ಮರ್ಯಾದೆ ಅಲ್ಲಿದೆ.

ಇಷ್ಟೆಲ್ಲ ಕಷ್ಟ ಯಾಕೆ? ಸುದ್ದಿನೇ ಪೂರ್ತಿ ಬಿಟ್ಟರೆ ಆಗಲ್ವಾ?

ಹಾಗೆ ಯೋಚಿಸುವವರು ಹೆಚ್ಚುತ್ತಿದ್ದಾರೆ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಹಲವು ದೇಶಗಳಲ್ಲಿ ನಡೆಸುವ ಸಮೀಕ್ಷೆಯಲ್ಲಿ, ಕೆಲವೊಮ್ಮೆ ಅಥವಾ ಆಗಾಗ ಸುದ್ದಿಯಿಂದ ಬೇಕೆಂದೇ ದೂರ ಇರುತ್ತೇವೆ ಎಂದವರು 2017ರಲ್ಲಿ ನೂರಕ್ಕೆ 29. 2024ರಲ್ಲಿ 39. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ನಿಮ್ಮ ಊರಿನ ಕೆರೆ ಒತ್ತುವರಿ, ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲದ್ದು, ಗ್ರಾಮಸಭೆಯಲ್ಲಿ ಆದ ತೀರ್ಮಾನ ಇವನ್ನು ನೀವು ಓದದಿದ್ದರೆ ಕೇಳುವವರೇ ಇಲ್ಲದಂತಾಗುತ್ತದೆ. ದಿನವಿಡೀ ಸುದ್ದಿ ನೋಡುವವರಿಗೂ ತಮ್ಮ ತಾಲ್ಲೂಕಿನ ಸುದ್ದಿ ಗೊತ್ತಿರುವುದಿಲ್ಲ, ಅದು ಇನ್ನೊಂದು ನೋವು.

ಪೇಪರ್ ಓದೋದು ಈ ಕಾಲಕ್ಕೆ ತಡ ಆಯ್ತಲ್ವಾ?

ತಡವಾಗುವುದೇ ಅದರ ಗುಣ. ರಾತ್ರಿ ಹನ್ನೊಂದರ ಗಾಳಿಮಾತು ಬೆಳಗಿನ ಹೊತ್ತಿಗೆ ಎಷ್ಟೋ ಸಲ ಬಿದ್ದುಹೋಗಿರುತ್ತದೆ. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" 1843ರ ಜುಲೈ 1ರಂದು ಹೊರಟಾಗ ಅದು ಬರುತ್ತಿದ್ದದ್ದೇ ಹದಿನೈದು ದಿನಕ್ಕೊಮ್ಮೆ. ಹರ್ಮನ್ ಮೊಗ್ಲಿಂಗ್ ಶುರು ಮಾಡಿದ ಆ ಪತ್ರಿಕೆಯ ನೆನಪಿಗೇ ಜುಲೈ 1ರಂದು ಪತ್ರಿಕಾ ದಿನಾಚರಣೆ ಮಾಡುತ್ತೇವೆ.

ಪೇಪರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಒಂದಿದೆ. ಜಲಾಶಯಗಳ ಮಟ್ಟ ತೋರಿಸುವ ಸಣ್ಣ ಚೌಕ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಕಬಿನಿ 2,284, ಭದ್ರಾ 186, ತುಂಗಭದ್ರಾ 1,633, ಲಿಂಗನಮಕ್ಕಿ 1,819, ಆಲಮಟ್ಟಿ 519.60 ಮೀಟರ್. ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್ ನೀರು ಬಿಡುವ ಆದೇಶದ ಮೇಲೆ ರಾಜ್ಯ ಕುದಿಯಿತು. 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಆ ದಿನಗಳಲ್ಲಿ ಗಂಟೆಗಟ್ಟಲೆ ಚರ್ಚೆ ನೋಡಿದರೂ ಕೆಆರ್‌ಎಸ್‌ನಲ್ಲಿ ಎಷ್ಟು ನೀರಿದೆ, ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಎಂಬುದು ಕೂಗಾಟದಲ್ಲಿ ಕಳೆದುಹೋಗುತ್ತಿತ್ತು. ಮಂಡ್ಯದ ರೈತ ಆ ಚೌಕ ನೋಡಿ ಅರ್ಧ ನಿಮಿಷದಲ್ಲಿ ತಿಳಿದುಕೊಳ್ಳುತ್ತಿದ್ದ.

ಅಪ್ಪ ರಿಟೈರ್ ಆದಮೇಲೆ ಬೆಳಗಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಹಾಕಿರ್ತಾರೆ. ಹೇಳಿದ್ರೆ ಸಿಟ್ಟು ಬರುತ್ತೆ.

ರಿಮೋಟ್ ಕಿತ್ತುಕೊಂಡರೆ ಸಿಟ್ಟು ಬರುವುದು ಸಹಜ. ಅವರಿಗೆ ಟಿವಿ ಮನೆಯೊಳಗಿನ ಇನ್ನೊಂದು ದನಿ. ಆ ಜಾಗಕ್ಕೆ ಏನು ಕೊಡುತ್ತೀರಿ ಎಂಬುದು ಮೊದಲ ಪ್ರಶ್ನೆ. ಬೆಳಗಿನ ಪೇಪರ್ ಓದಿ ಅವರ ಜೊತೆ ಹತ್ತು ನಿಮಿಷ ಚರ್ಚೆ ಮಾಡಿ. ಅವರಿಗೆ ಇಷ್ಟವಾದ ಯಕ್ಷಗಾನವೋ ಹಳೆಯ ಹಾಡೋ ಹರಿಕಥೆಯೋ ಟಿವಿಯಲ್ಲೇ ಯೂಟ್ಯೂಬ್ ಮೂಲಕ ಹಾಕಿಕೊಡಿ. ಬಿಪಿ ಇದ್ದು ಡಾಕ್ಟರ್ ಬಳಿ ಹೋಗುವಾಗ ಟಿವಿಯ ವಿಷಯವನ್ನೂ ಹೇಳಿ. ಮಕ್ಕಳ ಮಾತಿಗಿಂತ ಡಾಕ್ಟರ್ ಮಾತು ಬೇಗ ತಲುಪುತ್ತದೆ. ಸಂಜೆಯ ವಾರ್ತೆ ಮಾತ್ರ ಅವರ ಜೊತೆ ಕೂತು ನೋಡಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ?

ಕೊಲೆ, ಅಪಘಾತದ ದೃಶ್ಯ ಮರುಪ್ರಸಾರ ಆದಾಗೆಲ್ಲ ಸಣ್ಣ ಮಗುವಿಗೆ ಅದು ಮತ್ತೆ ಮತ್ತೆ ನಡೆದಂತೆಯೇ ಕಾಣಬಹುದು. ಅವರ ಎದುರು ಹಾಕಬೇಡಿ. ಶಾಲೆಯಲ್ಲಿ ಕೇಳಿಕೊಂಡು ಬಂದು ಪ್ರಶ್ನೆ ಕೇಳಿದರೆ ನಿಜವನ್ನೇ ಚಿಕ್ಕದಾಗಿ ಹೇಳಿ.

ವಿದೇಶದಲ್ಲಿದ್ದೀನಿ. ಊರಿನ ಸುದ್ದಿ ನೋಡಿದರೆ ಊರೇ ಹೊತ್ತಿ ಉರೀತಿದೆ ಅನ್ನಿಸುತ್ತೆ.

ಅಪ್ಪ ಅಮ್ಮನಿಗೆ ಫೋನ್ ಮಾಡಿ. ಬೆಂಗಳೂರು ಮುಳುಗಿತು ಎಂದು ಓದಿ ಗಾಬರಿಯಾಗಿ ಕರೆ ಮಾಡಿದರೆ, ನಿಮ್ಮ ಬಡಾವಣೆಯಲ್ಲಿ ರಸ್ತೆಯೇ ಒಣಗಿರುವುದೂ ಉಂಟು, ಮನೆಗೆ ನಿಜವಾಗಿಯೇ ನೀರು ನುಗ್ಗಿರುವುದೂ ಉಂಟು. ಎರಡನ್ನೂ ಅವರಷ್ಟು ಸರಿಯಾಗಿ ಯಾವ ಚಾನೆಲ್ಲೂ ಹೇಳಲಾರದು. ನಿಮ್ಮ ಜಿಲ್ಲೆಯ ಆವೃತ್ತಿಯ ಇ-ಪೇಪರ್ ತೆಗೆದುಕೊಂಡರೆ ದಿನಕ್ಕೊಮ್ಮೆ ಊರು ಕಣ್ಣಿಗೆ ಸಿಗುತ್ತದೆ.

ದುಡ್ಡು ಕೊಟ್ಟು ಸುದ್ದಿ ಓದಬೇಕಾ? ಎಲ್ಲ ಫ್ರೀ ಸಿಗುತ್ತಲ್ಲ?

ನಿಮ್ಮ ಕೈಲಾದರೆ ಕೊಡಿ. ಫ್ರೀ ಸುದ್ದಿಗೆ ಬಹುಪಾಲು ದುಡ್ಡು ಬರುವುದು ಜಾಹೀರಾತಿನಿಂದ, ಜಾಹೀರಾತಿಗೆ ಬೇಕಾದದ್ದು ನಿಮ್ಮ ಕಣ್ಣು. ಓದುಗರ ದುಡ್ಡು ಬಂದರೆ ಆ ಯಾದಗಿರಿಯ ಹಳ್ಳಿಗೆ ವರದಿಗಾರರನ್ನು ಕಳಿಸುವ ಧೈರ್ಯ ಪತ್ರಿಕೆಗೆ ಬರುತ್ತದೆ. ಒಂದು ಕನ್ನಡ ಪೇಪರ್‌ನ ತಿಂಗಳ ಬಿಲ್ಲು ಹೋಟೆಲಿನ ಒಂದು ಊಟದ ಆಸುಪಾಸಿನಲ್ಲಿದೆ. ಯಾವ ಪತ್ರಿಕೆ ಎಂದು ಆರಿಸುವಾಗ ಒಂದು ವಾರ ಅದರ ಜಿಲ್ಲಾ ಪುಟ ಓದಿ ನೋಡಿ. ವರದಿಗಾರರ ಹೆಸರಿದೆಯಾ, ಸಂಬಂಧಪಟ್ಟ ಇಬ್ಬರ ಮಾತೂ ಇದೆಯಾ, ತಪ್ಪಾದಾಗ ತಿದ್ದುಪಡಿ ಹಾಕುತ್ತಾರಾ ಎಂದು ಗಮನಿಸಿ. ತಲೆಬರಹದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕುವ ಚಾಳಿ ಎಷ್ಟಿದೆ ಎಂದೂ ನೋಡಿ. ಸಂಪಾದಕರಿಗೆ ಪತ್ರ ಬರೆಯಿರಿ, ಒಳ್ಳೆಯ ವರದಿ ಬಂದಾಗಲೂ ಬರೆಯಿರಿ. ಜಿಲ್ಲಾ ವರದಿಗಾರರಿಗೆ ಅಂಥ ಪತ್ರ ಬರುವುದು ಬಹಳ ಕಡಿಮೆ.